ಸೋತು ಕೂತ ತಂಡ ನಿಮ್ಮ ಕೈಗೆ ಬಂದರೆ: ಬ್ರಯಾನ್ ಕ್ಲಫ್ ಅವರಿಂದ ಕಲಿಯಬೇಕಾದ್ದು, ಕಲಿಯಬಾರದ್ದು

ಹೊಸದಾಗಿ ಟೀಮ್ ಲೀಡ್ ಆದವರು, ನಷ್ಟದಲ್ಲಿರುವ ಶಾಖೆಗೆ ವರ್ಗವಾಗಿ ಬಂದ ಮ್ಯಾನೇಜರ್, ರಿಸಲ್ಟ್ ಬಾರದ ಶಾಲೆಗೆ ಬಂದ ಹೆಡ್‌ಮಾಸ್ಟರ್, ಸೋತು ಸೋತು ಸಾಕಾದ ಕಬಡ್ಡಿ ತಂಡದ ಕೋಚ್. ಇವರೆಲ್ಲರಿಗೂ ಮೊದಲ ದಿನ ಬರುವ ಯೋಚನೆ ಒಂದೇ: "ಈ ಜನರನ್ನು ಇಟ್ಟುಕೊಂಡು ನಾನೇನು ಮಾಡಲಿ? ಬೇರೆಯವರು ಬೇಕು." ಬಹಳ ಸಲ ಈ ಯೋಚನೆ ತಪ್ಪು. ಎಷ್ಟು ತಪ್ಪು ಅಂತ ತಿಳಿಯಲು ಇಂಗ್ಲೆಂಡಿನ ಒಂದು ಫುಟ್‌ಬಾಲ್ ಕ್ಲಬ್ಬನ್ನು ನೋಡಿದರೆ ಸಾಕು.

1975ರ ಜನವರಿ 6ರಂದು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ಬಿಗೆ ಬ್ರಯಾನ್ ಕ್ಲಫ್ ಮ್ಯಾನೇಜರ್ ಆಗಿ ಬಂದರು. ಅಲ್ಲಿ ಕೋಚ್‌ಗೆ ಮ್ಯಾನೇಜರ್ ಅನ್ನುತ್ತಾರೆ. ತಂಡ ಆರಿಸುವುದು, ಆಟಗಾರರನ್ನು ಕೊಳ್ಳುವುದು, ಮಾರುವುದು ಎಲ್ಲ ಅವರದೇ ಜವಾಬ್ದಾರಿ. ಫಾರೆಸ್ಟ್ 1972ರಲ್ಲೇ ಮೇಲಿನ ಡಿವಿಷನ್‌ನಿಂದ ಕೆಳಗೆ ಬಿದ್ದಿತ್ತು. ಕ್ಲಫ್ ಬಂದಾಗ ಎರಡನೇ ಡಿವಿಷನ್‌ನಲ್ಲಿ 13ನೇ ಸ್ಥಾನ. ನಾಲ್ಕೂವರೆ ವರ್ಷ ಕೂಡ ತುಂಬಿರಲಿಲ್ಲ, 1979ರ ಮೇ 30ರಂದು ಮ್ಯೂನಿಕ್‌ನಲ್ಲಿ ಅದೇ ಕ್ಲಬ್ ಸ್ವೀಡನ್‌ನ ಮಾಲ್ಮೋ ತಂಡವನ್ನು 1-0ಯಿಂದ ಸೋಲಿಸಿ ಯುರೋಪಿಯನ್ ಕಪ್ ಎತ್ತಿತು. ಈಗ ಚಾಂಪಿಯನ್ಸ್ ಲೀಗ್ ಅನ್ನುತ್ತೇವಲ್ಲ, ಅದೇ ಟೂರ್ನಿ. ಮರುವರ್ಷ ಮ್ಯಾಡ್ರಿಡ್‌ನಲ್ಲಿ ಹ್ಯಾಂಬರ್ಗ್ ವಿರುದ್ಧ ಮತ್ತೆ 1-0, ಮತ್ತೆ ಕಪ್.

ಈಗ ನೋಡಿ ನನಗೆ ಮುಖ್ಯ ಅನ್ನಿಸುವ ಲೆಕ್ಕ. ಮ್ಯೂನಿಕ್‌ನಲ್ಲಿ ಅಂಗಳಕ್ಕಿಳಿದ 11 ಜನರಲ್ಲಿ ನಾಲ್ವರು, ಅಂದರೆ ವಿವ್ ಆ್ಯಂಡರ್ಸನ್, ಇಯಾನ್ ಬೋಯರ್, ಜಾನ್ ರಾಬರ್ಟ್‌ಸನ್ ಮತ್ತು ಟೋನಿ ವುಡ್‌ಕಾಕ್, ಕ್ಲಫ್ ಬರುವ ಮೊದಲೇ ಕ್ಲಬ್ಬಿನಲ್ಲಿದ್ದವರು. ಐದನೆಯವರು, ಮಾರ್ಟಿನ್ ಓನೀಲ್, ಬೆಂಚಿನ ಮೇಲಿದ್ದರು. ಅಂದರೆ 13ನೇ ಸ್ಥಾನದಲ್ಲಿ ಒದ್ದಾಡುತ್ತಿದ್ದ ತಂಡದೊಳಗೇ ಯುರೋಪ್ ಗೆಲ್ಲುವ ಆಟಗಾರರು ಇದ್ದರು. ಹಿಂದಿನವರ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೇ.

ಹಾಗಾದರೆ ನೀವು ಏನು, ಯಾವಾಗ ಮಾಡಬೇಕು? ಶುರು ಮಾಡೋಣ.

ಮೊದಲ ವಾರ: ಹಳಬರನ್ನು ಬೈಯಬೇಡಿ

ಇದನ್ನು ಕ್ಲಫ್ ಕಲಿತದ್ದು ಪೆಟ್ಟು ತಿಂದು. ಫಾರೆಸ್ಟ್‌ಗೆ ಬರುವ ಕೆಲವೇ ತಿಂಗಳ ಮೊದಲು, 1974ರ ಜುಲೈನಲ್ಲಿ, ಅವರು ಲೀಡ್ಸ್ ಯುನೈಟೆಡ್ ಸೇರಿದ್ದರು. ಅದು ಸೋತ ತಂಡವಲ್ಲ, ಆ ವರ್ಷದ ಚಾಂಪಿಯನ್. ಆದರೆ ಆ ತಂಡ ಒರಟಾಗಿ ಆಡುತ್ತದೆ, ಮೋಸ ಮಾಡುತ್ತದೆ ಅಂತ ಕ್ಲಫ್ ಟಿವಿಯಲ್ಲಿ, ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದರು. ಸೇರಿದ ಮೇಲೂ ಅದೇ ಧಾಟಿ. ನೀವು ಗೆದ್ದ ಮೆಡಲ್‌ಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿ, ಒಂದನ್ನೂ ನ್ಯಾಯವಾಗಿ ಗೆದ್ದಿಲ್ಲ ಅಂದರಂತೆ. ಆ ಆಟಗಾರರೇ ಮುಂದೆ ಇದನ್ನು ಹೇಳಿಕೊಂಡಿದ್ದಾರೆ. ಆರು ಲೀಗ್ ಪಂದ್ಯಗಳಲ್ಲಿ ಗೆದ್ದದ್ದು ಒಂದೇ. 44 ದಿನಕ್ಕೆ ಕ್ಲಬ್ ಅವರನ್ನು ಮನೆಗೆ ಕಳಿಸಿತು.

ಕ್ಲಫ್ ಹೇಳಿದ್ದರಲ್ಲಿ ಸತ್ಯ ಇರಲಿಲ್ಲ ಅಂತಲ್ಲ. ಆದರೆ ಹಿಂದೆ ಮಾಡಿದ ಕೆಲಸವನ್ನು ಕಸ ಅಂದರೆ, ಕೇಳುವವರಿಗೆ ಅದು "ನೀನು ಕಸ" ಅಂತಲೇ ಕೇಳಿಸುತ್ತದೆ. ನಿಮ್ಮ ತಂಡ ಸೋತಿದ್ದರೂ ಅಷ್ಟೇ. ಸೋತವರಿಗೆ ಮಾನ ಇನ್ನೂ ಜಾಸ್ತಿ ಸೂಕ್ಷ್ಮವಾಗಿರುತ್ತದೆ. ಹಾಗಾಗಿ ಮೊದಲ ವಾರ ಹಿಂದಿನ ಬಾಸ್ ಬಗ್ಗೆ ಒಂದು ಮಾತೂ ಬೇಡ, "ಇಲ್ಲಿ ಏನೂ ಸರಿ ಇಲ್ಲ" ಅನ್ನುವ ಮೀಟಿಂಗ್ ಬೇಡ. ಹಳೆಯ ಕಡತ, ಹಳೆಯ ರೂಢಿ ಯಾವುದನ್ನೂ ಎಲ್ಲರ ಮುಂದೆ ಹರಿದು ಹಾಕಬೇಡಿ. ಬದಲಾಯಿಸಬೇಕಾದ್ದು ಕಣ್ಣಿಗೆ ಬಿತ್ತಾ? ಬರೆದಿಟ್ಟುಕೊಳ್ಳಿ. ಓಡಿಹೋಗುವುದಿಲ್ಲ.

ಇನ್ನೊಂದು ವಿಷಯ ಇದೆ, ಸ್ವಲ್ಪ ಕಹಿ. ಲೀಡ್ಸ್ ಕ್ಲಫ್ ಅವರನ್ನು ಬರಿಗೈಯಲ್ಲಿ ಕಳಿಸಲಿಲ್ಲ, ಒಳ್ಳೆಯ ಮೊತ್ತದ ಪರಿಹಾರ ಕೊಟ್ಟಿತು. ಫಾರೆಸ್ಟ್‌ಗೆ ಬಂದಾಗ ಅವರಿಗೆ ನೌಕರಿ ಹೋದರೆ ಅನ್ನುವ ಹೆದರಿಕೆ ಇರಲಿಲ್ಲ. ಧೈರ್ಯದ ಬಗ್ಗೆ ಭಾಷಣ ಕೊಡುವ ಯಾರೂ ಇದನ್ನು ಹೇಳುವುದಿಲ್ಲ. ಮನೆ ಸಾಲದ ಕಂತು ತಲೆಯ ಮೇಲೆ ಕೂತಿದ್ದರೆ ಮೇಲಿನವರಿಗೆ "ಆಗಲ್ಲ" ಅನ್ನುವುದು ಕಷ್ಟ. ಮುಳುಗುತ್ತಿರುವ ತಂಡದ ಜವಾಬ್ದಾರಿ ಒಪ್ಪಿಕೊಳ್ಳುವ ಮೊದಲು ಆರು ತಿಂಗಳ ಖರ್ಚಿಗಾಗುವಷ್ಟು ಹಣ ಬದಿಗಿಡಿ. ಲೀಡರ್‌ಶಿಪ್ ಬಗ್ಗೆ ನಾನು ಕೊಡುವ ಸಲಹೆಗಳಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಬಹುಶಃ ಇದೇ.

ಮೇಲಿನವರಿಂದ ಕಾಲ ಕೇಳಿ ತೆಗೆದುಕೊಳ್ಳಿ

ಕ್ಲಫ್ ಬಂದ ಎರಡೇ ದಿನಕ್ಕೆ ಫಾರೆಸ್ಟ್ ಎಫ್‌ಎ ಕಪ್ ಅನ್ನುವ ನಾಕೌಟ್ ಟೂರ್ನಿಯಲ್ಲಿ ಟಾಟನ್‌ಹ್ಯಾಮ್ ತಂಡವನ್ನು ಅವರ ಮೈದಾನದಲ್ಲೇ 1-0ಯಿಂದ ಸೋಲಿಸಿತು. ಎಲ್ಲರಿಗೂ ಖುಷಿ. ಆಮೇಲೆ? ಆ ಸೀಸನ್ ಮುಗಿದಾಗ ತಂಡ 16ನೇ ಸ್ಥಾನದಲ್ಲಿತ್ತು. ಅವರು ಬಂದಾಗ ಇದ್ದದ್ದಕ್ಕಿಂತ ಕೆಳಗೆ! ಮುಂದಿನ ವರ್ಷ 8. ಅದರ ಮುಂದಿನ ವರ್ಷ, 1976-77ರಲ್ಲಿ, 3ನೇ ಸ್ಥಾನ. ಮೂರು ತಂಡಗಳಿಗೆ ಬಡ್ತಿ ಇದ್ದುದರಿಂದ ಹೇಗೋ ಮೇಲಿನ ಡಿವಿಷನ್‌ಗೆ ಹತ್ತಿದರು. ಹತ್ತಿದ ಮೊದಲ ವರ್ಷವೇ, 1977-78ರಲ್ಲಿ, ಇಂಗ್ಲೆಂಡಿನ ಚಾಂಪಿಯನ್. 42 ಪಂದ್ಯಗಳಲ್ಲಿ ಮೂರೇ ಸೋಲು, ಎರಡನೆಯ ಸ್ಥಾನದಲ್ಲಿದ್ದ ಲಿವರ್‌ಪೂಲ್‌ಗಿಂತ 7 ಪಾಯಿಂಟ್ ಮುಂದೆ. ಆಗ ಒಂದು ಗೆಲುವಿಗೆ ಎರಡೇ ಪಾಯಿಂಟ್ ಇದ್ದದ್ದು, ನೆನಪಿರಲಿ.

16, 8, 3, 1. ಈ ನಾಲ್ಕು ಅಂಕಿಗಳನ್ನು ಬರೆದು ಮೇಜಿನ ಮೇಲೆ ಇಟ್ಟುಕೊಳ್ಳಿ. ಮೊದಲ ವರ್ಷ ಸಂಖ್ಯೆಗಳು ಕೆಡಬಹುದು ಅಂತ ಕೆಲಸ ಒಪ್ಪಿಕೊಳ್ಳುವಾಗಲೇ ಹೇಳಿಬಿಡಿ. ಬಾಯಲ್ಲಿ ಹೇಳಿದರೆ ಸಾಲದು, ಮೇಲ್‌ನಲ್ಲಿ ಬರೆದು ಕಳಿಸಿ. ಫಾರೆಸ್ಟ್‌ಗೆ ಆಗ ಒಬ್ಬ ಮಾಲೀಕ ಅಂತ ಇರಲಿಲ್ಲ, ನಮ್ಮ ಸಹಕಾರ ಸಂಘಗಳ ಹಾಗೆ ಸದಸ್ಯರ ಕಮಿಟಿ ನಡೆಸುತ್ತಿತ್ತು. ಕಮಿಟಿ ಅಂದಮೇಲೆ ಗೊತ್ತಲ್ಲ, ಹತ್ತು ಜನಕ್ಕೆ ಹನ್ನೊಂದು ಅಭಿಪ್ರಾಯ. ಕ್ಲಫ್ ತಂಡದ ವಿಷಯದಲ್ಲಿ ಅವರು ಮೂಗು ತೂರಿಸಲು ಬಿಡಲಿಲ್ಲ. ನಿಮಗೆ ಅಷ್ಟು ಜೋರು ಇಲ್ಲದಿದ್ದರೂ ಒಂದನ್ನು ಪಡೆಯಲೇಬೇಕು: ಯಾರು ಯಾವ ಕೆಲಸ ಮಾಡಬೇಕು ಅನ್ನುವ ತೀರ್ಮಾನ ನಿಮ್ಮದು. ಅದೂ ಇಲ್ಲದಿದ್ದರೆ ಒಪ್ಪಿಕೊಳ್ಳಬೇಡಿ.

ಇನ್ನೊಂದು ಜೊತೆ ಕಣ್ಣು ಹುಡುಕಿ

ಕ್ಲಫ್ ಬಗ್ಗೆ ಮಾತಾಡುವವರು ಅರ್ಧ ಕಥೆಯನ್ನು ಬಿಟ್ಟುಬಿಡುತ್ತಾರೆ. ಆ ಅರ್ಧದ ಹೆಸರು ಪೀಟರ್ ಟೇಲರ್. ಇಬ್ಬರೂ ಮಿಡಲ್ಸ್‌ಬ್ರೊ ಕ್ಲಬ್ಬಿನಲ್ಲಿ ಒಟ್ಟಿಗೆ ಆಡಿದವರು. ಕ್ಲಫ್ ಸ್ಟ್ರೈಕರ್, ಟೇಲರ್ ಗೋಲ್‌ಕೀಪರ್. ಮೊಣಕಾಲಿಗೆ ಪೆಟ್ಟಾಗಿ ಕ್ಲಫ್ ಆಟ ಬಿಟ್ಟ ಮೇಲೆ, 1965ರಲ್ಲಿ ಹಾರ್ಟಲ್‌ಪೂಲ್ಸ್ ಎಂಬ ತಳದ ಡಿವಿಷನ್‌ನ ಬಡ ಕ್ಲಬ್ಬಿಗೆ ಸೇರಿದಾಗ ಟೇಲರ್ ಜೊತೆಗಿದ್ದರು. ಆಮೇಲೆ ಡಾರ್ಬಿ ಕೌಂಟಿ. ಅದು ಕೂಡ ಎರಡನೇ ಡಿವಿಷನ್‌ನಲ್ಲಿ ಮಂಕಾಗಿದ್ದ ತಂಡ. 1967ರಲ್ಲಿ ಹೋದರು, 1972ರಲ್ಲಿ ಅದನ್ನು ಇಂಗ್ಲೆಂಡಿನ ಚಾಂಪಿಯನ್ ಮಾಡಿದರು.

ಲೀಡ್ಸ್‌ಗೆ ಮಾತ್ರ ಟೇಲರ್ ಬರಲಿಲ್ಲ. ಏನಾಯಿತು ಅಂತ ಮೇಲೆ ಹೇಳಿದೆ. ಫಾರೆಸ್ಟ್‌ನಲ್ಲೂ ಮೊದಲ ಒಂದೂವರೆ ವರ್ಷ ಟೇಲರ್ ಇರಲಿಲ್ಲ, ತಂಡ 8ನೇ ಸ್ಥಾನದವರೆಗೆ ಬಂತು. 1976ರ ಜುಲೈನಲ್ಲಿ ಟೇಲರ್ ಬಂದರು. ಆಮೇಲಿನದು ಬಡ್ತಿ, ಲೀಗ್, ಯುರೋಪ್. ಇದೊಂದೇ ಕಾರಣ ಅನ್ನುವುದಿಲ್ಲ, ಆದರೆ ಕಾಕತಾಳೀಯ ಅಂತಲೂ ನಾನು ನಂಬುವುದಿಲ್ಲ.

ಇಬ್ಬರ ಕೆಲಸ ಬೇರೆ ಬೇರೆ ಇತ್ತು. ಆಟಗಾರನನ್ನು ನೋಡಿ ಅವನೊಳಗೆ ಏನಿದೆ ಅಂತ ಹೇಳುವುದು ಟೇಲರ್. ಅವನಿಂದ ಅದನ್ನು ಹೊರತೆಗೆಯುವುದು ಕ್ಲಫ್. ಟೇಲರ್ ನಗಿಸುವವರು, ಕ್ಲಫ್ ಹೆದರಿಸುವವರು. ಎಲ್ಲಕ್ಕಿಂತ ಮುಖ್ಯವಾಗಿ, ಕ್ಲಫ್ ಮುಖಕ್ಕೆ "ಇದು ತಪ್ಪು" ಅನ್ನಬಲ್ಲ ಒಬ್ಬರೇ ಒಬ್ಬರು ಟೇಲರ್.

ನಿಮ್ಮ ಟೇಲರ್ ಯಾರು? ನಿಮ್ಮ ಹಾಗೇ ಯೋಚಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಹರಟೆಗೆ ಚೆನ್ನ, ಕೆಲಸಕ್ಕೆ ಆಗುವುದಿಲ್ಲ. ನಿಮಗೆ ಮಾತು ಬರುತ್ತದೆ, ಜನರನ್ನು ಅಳೆಯುವುದು ಬರುವುದಿಲ್ಲ ಅಂದರೆ ಅಳೆಯುವವರನ್ನು ಹುಡುಕಿ. ಅವರು ಅಧಿಕಾರದಲ್ಲಿ ಕೆಳಗಿರಬಹುದು, ವಯಸ್ಸಿನಲ್ಲಿ ಚಿಕ್ಕವರಿರಬಹುದು, ಬೇರೆ ವಿಭಾಗದಲ್ಲಿರಬಹುದು. ನಿಮ್ಮ ಎದುರು ಸುಮ್ನೆ ತಲೆಯಾಡಿಸದವರಾಗಿರಬೇಕು, ಅಷ್ಟು ಸಾಕು.

ಯಾರನ್ನೂ ತೆಗೆಯುವ ಮೊದಲು, ಜಾಗ ಬದಲಾಯಿಸಿ ನೋಡಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಇಡೀ ಕಥೆಯ ತಿರುಳು ಇರುವುದು ಇಲ್ಲೇ.

ಜಾನ್ ರಾಬರ್ಟ್‌ಸನ್. ಸ್ಕಾಟ್ಲೆಂಡಿನವರು. ಕ್ಲಫ್ ಬಂದಾಗ ಮಾರಾಟದ ಪಟ್ಟಿಯಲ್ಲಿದ್ದ ಆಟಗಾರ. ಮೈ ಬಂದಿತ್ತು, ಸಿಗರೇಟ್ ಬಿಡುತ್ತಿರಲಿಲ್ಲ, ಬಟ್ಟೆಬರೆ ಅಚ್ಚುಕಟ್ಟಿಲ್ಲ, ಓಟವಂತೂ ನಿಧಾನ. ಮಿಡ್‌ಫೀಲ್ಡ್ ನಡುವೆ ಆಡುತ್ತಿದ್ದರು, ಅಲ್ಲಿ ಓಡಾಟ ಜಾಸ್ತಿ ಬೇಕು, ಅವರಿಂದ ಆಗುತ್ತಿರಲಿಲ್ಲ. ಯಾವ ಮ್ಯಾನೇಜರ್ ಆದರೂ ಮೊದಲು ಕೈಬಿಡುವ ಹೆಸರು ಅದು. ಕ್ಲಫ್ ಕೂಡ ಅವರನ್ನು ನೋಡಿ ಮುಖ ಸಿಂಡರಿಸಿದವರೇ.

ಆದರೆ ರಾಬರ್ಟ್‌ಸನ್ ಎರಡೂ ಕಾಲಲ್ಲಿ ಚೆಂಡನ್ನು ಎಲ್ಲಿಗೆ ಬೇಕೋ ಅಲ್ಲಿಗೆ ಇಡಬಲ್ಲವರಾಗಿದ್ದರು. ಅವರನ್ನು ಎಡಗಡೆಯ ಗೆರೆಯ ಪಕ್ಕ, ವಿಂಗ್‌ನಲ್ಲಿ ನಿಲ್ಲಿಸಿದರು. ಅಲ್ಲಿ ಅಷ್ಟು ಓಡಬೇಕಿಲ್ಲ. ಚೆಂಡು ಬಂದಾಗ ಎದುರಿನ ಒಬ್ಬರನ್ನು ಅರ್ಧ ಗಜ ತಪ್ಪಿಸಿ ಗೋಲಿನ ಮುಂದಕ್ಕೆ ಕಳಿಸಿದರೆ ಆಯಿತು. ಉಳಿದವರಿಗೆ ಹೇಳಿದ್ದು ಇನ್ನೂ ಸರಳ: ಚೆಂಡು ಸಿಕ್ಕರೆ ರಾಬರ್ಟ್‌ಸನ್‌ಗೆ ಕೊಡಿ. ಜೊತೆಗೆ ಫಿಟ್‌ನೆಸ್ ಬಗ್ಗೆ ಕ್ಲಫ್, ಟೇಲರ್ ಇಬ್ಬರೂ ಮುಲಾಜಿಲ್ಲದೆ ಬೈದರು. ಟೇಲರ್ ಅವರಂತೂ ನಿನ್ನಲ್ಲಿ ಆಟ ಇದೆ, ಅದನ್ನು ನೀನೇ ಹಾಳು ಮಾಡಿಕೊಳ್ಳುತ್ತಿದ್ದೀಯ ಅನ್ನುವ ಧಾಟಿಯಲ್ಲಿ ಮುಖಕ್ಕೇ ಹೇಳಿದರು. ಆಮೇಲೆ 1976ರ ಡಿಸೆಂಬರ್‌ನಿಂದ ನಾಲ್ಕು ವರ್ಷ ರಾಬರ್ಟ್‌ಸನ್ ಒಂದೂ ಪಂದ್ಯ ತಪ್ಪಿಸದೆ ಸತತ 243 ಪಂದ್ಯ ಆಡಿದರು. 1979ರ ಫೈನಲ್‌ನ ಗೋಲು ಬಂದದ್ದು ಅವರ ಪಾಸ್‌ನಿಂದ. 1980ರ ಫೈನಲ್‌ನ ಗೋಲು ಅವರದೇ.

ಕೆನ್ನಿ ಬರ್ನ್ಸ್ ಇನ್ನೊಂದು ಬಗೆ. ಬರ್ಮಿಂಗ್‌ಹ್ಯಾಮ್ ಸಿಟಿಯ ಸ್ಟ್ರೈಕರ್, ಗೋಲು ಹೊಡೆಯುತ್ತಿದ್ದರು, ಜೊತೆಗೆ ಜಗಳಗಂಟ ಅನ್ನುವ ಹೆಸರೂ ಇತ್ತು. ನಾಯಿ ರೇಸಿನ ಜೂಜಿನ ಹುಚ್ಚು ಬೇರೆ. ಕ್ಲಫ್‌ಗೆ ಅವರು ಬೇಡವಾಗಿತ್ತು. ಟೇಲರ್ ಬಿಡಲಿಲ್ಲ. ತಲೆಗೆ ಟೋಪಿ ಹಾಕಿಕೊಂಡು, ಗುರುತು ಸಿಗದ ಹಾಗೆ ರೇಸ್ ಟ್ರ್ಯಾಕಿಗೇ ಹೋಗಿ ಬರ್ನ್ಸ್ ಎಷ್ಟು ಹಣ ಕಟ್ಟುತ್ತಾರೆ, ಹೇಗೆ ನಡೆದುಕೊಳ್ಳುತ್ತಾರೆ ಅಂತ ನೋಡಿ ಬಂದರು ಅಂತ ಕಥೆ ಇದೆ. ಗಾಳಿಮಾತು ನಂಬದೆ ಕಣ್ಣಾರೆ ನೋಡಿ ಬಂದದ್ದು ನನಗೆ ಬಹಳ ಇಷ್ಟವಾದ ವಿಷಯ. 1977ರಲ್ಲಿ 1,50,000 ಪೌಂಡ್ ಕೊಟ್ಟು ತಂದರು. ತಂದು, ಗೋಲು ಹೊಡೆಯುವ ಆ ಮನುಷ್ಯನನ್ನು ಡಿಫೆನ್ಸ್ ನಡುವೆ ನಿಲ್ಲಿಸಿದರು! ಮರುವರ್ಷ, 1978ರಲ್ಲಿ, ಇಂಗ್ಲೆಂಡಿನ ಫುಟ್‌ಬಾಲ್ ಬರಹಗಾರರು ಬರ್ನ್ಸ್ ಅವರನ್ನು ವರ್ಷದ ಆಟಗಾರ ಅಂತ ಆರಿಸಿದರು.

ವುಡ್‌ಕಾಕ್ ಕಥೆ ಚಿಕ್ಕದು, ಆದರೆ ಎಚ್ಚರಿಕೆ ಇದೆ. 1976ರಲ್ಲಿ ಅವರನ್ನು ಲಿಂಕನ್, ಡಾಂಕಾಸ್ಟರ್ ಅನ್ನುವ ಸಣ್ಣ ತಂಡಗಳಿಗೆ ಸಾಲವಾಗಿ ಕಳಿಸಲಾಗಿತ್ತು. ಕ್ಲಫ್ ಅಂಥವರ ಕೈಯಿಂದಲೂ ಜಾರಿ ಹೋಗಬಹುದಾಗಿದ್ದ ಹುಡುಗ, ಎರಡು ವರ್ಷದಲ್ಲಿ ದೇಶದ ಅತ್ಯುತ್ತಮ ಯುವ ಆಟಗಾರ ಆದರು. ಒಂದೇ ಸಲ ನೋಡಿ ತೀರ್ಮಾನ ಬೇಡ ಅನ್ನಲು ಇದಕ್ಕಿಂತ ಬೇರೆ ಉದಾಹರಣೆ ಬೇಕಾ?

ಇದನ್ನು ನೀವು ಮಾಡುವುದು ಹೇಗೆ? ಒಂದು ಹಾಳೆ ತೆಗೆದುಕೊಳ್ಳಿ. ತಂಡದ ಪ್ರತಿಯೊಬ್ಬರ ಹೆಸರಿನ ಮುಂದೆ ಅವರ ಹುದ್ದೆ ಬರೆಯಬೇಡಿ, ಅವರು ಸಲೀಸಾಗಿ ಮಾಡುವ ಒಂದು ಕೆಲಸ ಬರೆಯಿರಿ. ಗ್ರಾಹಕರ ಜೊತೆ ಜಗಳವಾಡುವವರು ಲೆಕ್ಕದ ತಪ್ಪು ಹುಡುಕುವುದರಲ್ಲಿ ಗಟ್ಟಿ ಇರಬಹುದು. ಮೀಟಿಂಗ್‌ನಲ್ಲಿ ಬಾಯಿ ಬಿಡದ ಹುಡುಗಿ ಬರೆಯುವ ಮೇಲ್ ನೋಡಿ, ಎಲ್ಲರಿಗಿಂತ ಸ್ಪಷ್ಟವಾಗಿರುತ್ತದೆ. ಬರೆಯಲು ಏನೂ ತೋಚದ ಹೆಸರುಗಳು ಇದ್ದೇ ಇರುತ್ತವೆ. ಅವರ ಬಗ್ಗೆ ನಿಮಗೆ ಗೊತ್ತಿಲ್ಲ ಅಂತ ಅರ್ಥ, ಹೋಗಿ ನೋಡಿ. ಬೇರೆಯವರು ಹೇಳಿದ್ದನ್ನು ಆ ಹಾಳೆಯಲ್ಲಿ ಬರೆಯಬೇಡಿ. ಆಮೇಲೆ ಜಾಗ ಬದಲಾಯಿಸಿ ಮೂರು ತಿಂಗಳು ಕೊಡಿ. ಆಗಲೂ ಆಗಲಿಲ್ಲವೇ? ಆಗ ಕಳಿಸಿ. ಕ್ಲಫ್ ಕೂಡ ಬೇಕಾದಷ್ಟು ಜನರನ್ನು ಕಳಿಸಿದರು, ಅದರಲ್ಲಿ ಸಂಕೋಚ ಇರಲಿಲ್ಲ.

ಹಣ ಇದ್ದರೆ ಮೊದಲು ಸೋರಿಕೆ ನಿಲ್ಲಿಸಲು ಹಾಕಿ

ಮೇಲಿನ ಡಿವಿಷನ್‌ಗೆ ಬಂದ ಕೂಡಲೇ, 1977ರ ಸೆಪ್ಟೆಂಬರ್‌ನಲ್ಲಿ, ಅವರು ದೊಡ್ಡ ಹಣ ಸುರಿದದ್ದು ಗೋಲ್‌ಕೀಪರ್ ಮೇಲೆ. ಪೀಟರ್ ಶಿಲ್ಟನ್, ಸುಮಾರು ಎರಡೂವರೆ ಲಕ್ಷ ಪೌಂಡ್. ಕೀಪರ್‌ಗೆ ಇಷ್ಟೊಂದಾ ಅಂದವರಿದ್ದರು. ಆ ಸೀಸನ್‌ನ 42 ಪಂದ್ಯಗಳಲ್ಲಿ ಫಾರೆಸ್ಟ್ ಬಿಟ್ಟುಕೊಟ್ಟದ್ದು 24 ಗೋಲು. 1978ರ ಏಪ್ರಿಲ್ 22ರಂದು ಕವೆಂಟ್ರಿಯಲ್ಲಿ 0-0 ಡ್ರಾ ಮಾಡಿಕೊಂಡಾಗ ಲೀಗ್ ಕೈಗೆ ಬಂತು, ಅವತ್ತು ಶಿಲ್ಟನ್ ತಡೆದ ಒಂದು ಹೆಡರ್ ಬಗ್ಗೆ ಹಳಬರು ಇವತ್ತಿಗೂ ಮಾತಾಡುತ್ತಾರೆ.

ಹೊಸ ಲೀಡರ್‌ಗಳಿಗೆ ಕಣ್ಣಿಗೆ ಕಾಣುವಂಥದ್ದರ ಮೇಲೆ ಖರ್ಚು ಮಾಡುವ ಆಸೆ. ಹೊಸ ಯೋಜನೆ, ಹೊಸ ಸಾಫ್ಟ್‌ವೇರ್, ದೊಡ್ಡ ಹೆಸರಿನ ಒಬ್ಬ ಉದ್ಯೋಗಿ. ಮೊದಲು ತಂಡ ಪದೇ ಪದೇ ಎಲ್ಲಿ ಕಳೆದುಕೊಳ್ಳುತ್ತಿದೆ ನೋಡಿ. ವಾಪಸ್ ಬರುವ ಸರಕು, ತಡವಾಗುವ ಬಿಲ್, ಉತ್ತರ ಸಿಗದ ಫೋನ್. ಅಲ್ಲಿ ನಿಮ್ಮ ಅತ್ಯುತ್ತಮ ವ್ಯಕ್ತಿಯನ್ನು ನಿಲ್ಲಿಸಿ.

ಒಬ್ಬರಿಗೆ ಒಂದು ಕೆಲಸ, ಒಂದೇ ವಾಕ್ಯದಲ್ಲಿ

ಕ್ಲಫ್ ತಂತ್ರಗಾರಿಕೆಯ ದೊಡ್ಡ ಪಾಠ ಮಾಡುತ್ತಿರಲಿಲ್ಲ. ದಿನನಿತ್ಯದ ಅಭ್ಯಾಸವನ್ನು ಜಿಮ್ಮಿ ಗಾರ್ಡನ್ ಅನ್ನುವ ಟ್ರೈನರ್ ನೋಡಿಕೊಳ್ಳುತ್ತಿದ್ದರು, ಕ್ಲಫ್ ಎಷ್ಟೋ ದಿನ ಅಲ್ಲಿ ಕಾಣಿಸುತ್ತಲೇ ಇರಲಿಲ್ಲ. ಪಂದ್ಯದ ಮೊದಲು ಡ್ರೆಸಿಂಗ್ ರೂಮಿನಲ್ಲಿ ನೆಲಕ್ಕೆ ಟವೆಲ್ ಹಾಸಿ, ಅದರ ಮೇಲೆ ಚೆಂಡು ಇಟ್ಟು, ಇದು ನಿಮ್ಮ ಗೆಳೆಯ, ಇದನ್ನು ಚೆನ್ನಾಗಿ ನೋಡಿಕೊಳ್ಳಿ ಅನ್ನುತ್ತಿದ್ದರು ಅಂತ ಆಟಗಾರರು ನೆನೆಯುತ್ತಾರೆ. ಚೆಂಡನ್ನು ಸುಮ್ನೆ ಮೇಲಕ್ಕೆ ಒದೆಯಬೇಡಿ, ನಮ್ಮವರಿಗೇ ಕೊಡಿ. ರೆಫರಿ ಜೊತೆ ವಾದ ಬೇಡ. ಡಿಫೆಂಡರ್ ಆದವರು ತಲೆಯಿಂದ ಹೊಡೆಯಿರಿ, ಅಡ್ಡ ನಿಲ್ಲಿರಿ, ಜಾಣತನ ಬೇಡ. ಇಷ್ಟೇ. 1980ರ ಫೈನಲ್‌ನಲ್ಲಿ ಹ್ಯಾಂಬರ್ಗ್ ಪರ ಕೆವಿನ್ ಕೀಗನ್ ಆಡುತ್ತಿದ್ದರು, ಯುರೋಪಿನ ಅತ್ಯುತ್ತಮ ಆಟಗಾರ. ಫಾರೆಸ್ಟ್‌ನಲ್ಲಿ ಗಾಯದಿಂದ ಟ್ರೆವರ್ ಫ್ರಾನ್ಸಿಸ್ ಇರಲಿಲ್ಲ, 18 ವರ್ಷದ ಗ್ಯಾರಿ ಮಿಲ್ಸ್ ಕಣಕ್ಕಿಳಿದಿದ್ದರು. ಆದರೂ ಒಂದು ಗೋಲು ಹೊಡೆದು ಉಳಿದ ಹೊತ್ತೆಲ್ಲ ತಡೆದರು, ಯಾಕೆಂದರೆ ಎಲ್ಲರಿಗೂ ತಾವು ಎಲ್ಲಿ ನಿಲ್ಲಬೇಕು ಅಂತ ಗೊತ್ತಿತ್ತು.

ನಾಳೆ ನಿಮ್ಮ ತಂಡದ ಒಬ್ಬೊಬ್ಬರನ್ನೇ ಕೇಳಿ ನೋಡಿ, "ಇಲ್ಲಿ ನಿಮ್ಮ ಮುಖ್ಯ ಕೆಲಸ ಏನು?" ಅಂತ. ಉತ್ತರ ಎರಡು ನಿಮಿಷ ಓಡಿದರೆ ತಪ್ಪು ಅವರದಲ್ಲ, ಹೇಳಿಕೊಟ್ಟವರದು.

ಚಿಕ್ಕ ಕಪ್ ಆದರೂ ಗೆಲ್ಲಿ

1976ರ ಡಿಸೆಂಬರ್‌ನಲ್ಲಿ ಫಾರೆಸ್ಟ್ ಆ್ಯಂಗ್ಲೊ-ಸ್ಕಾಟಿಷ್ ಕಪ್ ಗೆದ್ದಿತು. ಇವತ್ತು ಅದರ ಹೆಸರು ಯಾರಿಗೂ ನೆನಪಿಲ್ಲ, ಆಗಲೂ ದೊಡ್ಡ ಕ್ಲಬ್‌ಗಳು ಅದನ್ನು ಕೇರ್ ಮಾಡುತ್ತಿರಲಿಲ್ಲ. ಫೈನಲ್‌ನಲ್ಲಿ ಎದುರಾಳಿ ಓರಿಯಂಟ್, ಎರಡು ಪಂದ್ಯ ಸೇರಿ 5-1. ಕ್ಲಫ್ ಇದನ್ನು ಕೊನೆಯವರೆಗೂ ದೊಡ್ಡ ವಿಷಯ ಅಂತಲೇ ಹೇಳುತ್ತಿದ್ದರು. ಏನನ್ನೂ ಗೆದ್ದು ಗೊತ್ತಿಲ್ಲದ ಹುಡುಗರು ಕಪ್ ಹಿಡಿದು ನೋಡಿದ್ದು ಅದೇ ಮೊದಲು. ಆರು ತಿಂಗಳೊಳಗೆ ಮುಗಿಯುವ, ಗೆದ್ದದ್ದು ಎಲ್ಲರಿಗೂ ಕಾಣುವ ಒಂದು ಸಣ್ಣ ಗುರಿ ಆರಿಸಿ. ಗೆದ್ದಾಗ ಸಿಹಿ ಹಂಚಿ, ನಾಚಿಕೆ ಪಡಬೇಡಿ.

ಬಿಗಿಯಾದಾಗ ಸಡಿಲ ಬಿಡಿ, ದೊಡ್ಡವರನ್ನು ಸಾಲಿನಲ್ಲಿ ನಿಲ್ಲಿಸಿ

1979ರ ಲೀಗ್ ಕಪ್ (ಲೀಗ್ ಬೇರೆ, ಇದು ಇನ್ನೊಂದು ನಾಕೌಟ್ ಟೂರ್ನಿ) ಫೈನಲ್‌ನ ಹಿಂದಿನ ರಾತ್ರಿ ಹೋಟೆಲ್‌ನಲ್ಲಿ ಆಟಗಾರರು ಮಲಗಲು ಹೊರಟರೆ ಕ್ಲಫ್ ಮತ್ತು ಟೇಲರ್ ಬಿಡಲಿಲ್ಲ. ಶಾಂಪೇನ್ ತರಿಸಿದರು, ಟೇಲರ್ ಹಳೆಯ ಕಥೆಗಳನ್ನು ಹೇಳಿ ನಗಿಸುತ್ತಾ ಕೂತರು, ಬೇಗ ಮಲಗಬೇಕು ಅಂತ ಎದ್ದ ಆರ್ಚಿ ಗೆಮಿಲ್ ಅವರನ್ನು ವಾಪಸ್ ಕೂರಿಸಿದರು. ಮರುದಿನ ಮೊದಲರ್ಧದಲ್ಲಿ ಫಾರೆಸ್ಟ್ ಸೌತಾಂಪ್ಟನ್ ವಿರುದ್ಧ ಒಂದು ಗೋಲು ಹಿಂದೆ. ಕೊನೆಗೆ 3-2 ಗೆಲುವು. ಕುಡಿಸಿ ಅಂತ ನಾನು ಹೇಳುತ್ತಿಲ್ಲ! ಆದರೆ ಆಡಿಟ್ ಹಿಂದಿನ ದಿನ ಇನ್ನೂ ನಾಲ್ಕು ಮೀಟಿಂಗ್ ಇಟ್ಟು ಜನರನ್ನು ಹಿಂಡುವ ಬದಲು ಬೇಗ ಮನೆಗೆ ಕಳಿಸಬಹುದಲ್ವಾ?

ಅದೇ ಕ್ಲಫ್ ಟ್ರೆವರ್ ಫ್ರಾನ್ಸಿಸ್ ವಿಷಯದಲ್ಲಿ ಬೇರೆ ಥರ. 1979ರ ಫೆಬ್ರವರಿಯಲ್ಲಿ ಹತ್ತು ಲಕ್ಷ ಪೌಂಡ್ ಕೊಟ್ಟು ತಂದ ಆಟಗಾರ, ಬ್ರಿಟನ್‌ನಲ್ಲಿ ಅಷ್ಟು ಬೆಲೆಗೆ ಹೋದ ಮೊದಲಿಗರು. ಅವರನ್ನು ಪತ್ರಕರ್ತರಿಗೆ ಪರಿಚಯಿಸುವಾಗ ಕ್ಲಫ್ ಸ್ಕ್ವಾಷ್ ರಾಕೆಟ್ ಹಿಡಿದು ಆಟದ ಬಟ್ಟೆಯಲ್ಲೇ ಬಂದು ನಿಂತರು. ಆರಂಭದಲ್ಲಿ ಫ್ರಾನ್ಸಿಸ್ ಅವರನ್ನು ಕಿರಿಯರ ತಂಡದ ಜೊತೆಗೂ ಆಡಿಸಿದರು. ನಿಯಮದ ಪ್ರಕಾರ ಯುರೋಪಿಯನ್ ಕಪ್‌ನಲ್ಲಿ ಫ್ರಾನ್ಸಿಸ್ ಆಡಬಹುದಾಗಿದ್ದು ಫೈನಲ್ ಒಂದೇ. ಆಡಿದರು, ರಾಬರ್ಟ್‌ಸನ್ ಕಳಿಸಿದ ಚೆಂಡಿಗೆ ತಲೆ ಕೊಟ್ಟು ಗೋಲು ಹೊಡೆದರು. ಹತ್ತು ಲಕ್ಷದ ಆಟಗಾರ ಮತ್ತು ಮಾರಾಟಕ್ಕಿಟ್ಟಿದ್ದ ಆಟಗಾರ, ಇಬ್ಬರೂ ಬೇಕಾದರು. ಹೊರಗಿನಿಂದ ದೊಡ್ಡ ಸಂಬಳಕ್ಕೆ ಯಾರನ್ನಾದರೂ ತಂದಾಗ ಮೊದಲ ತಿಂಗಳು ಅವರನ್ನು ಹಳಬರ ಮೇಲೆ ಕೂರಿಸಬೇಡಿ, ಪಕ್ಕದಲ್ಲಿ ಕೂರಿಸಿ.

ಕ್ಲಫ್ ಅವರಿಂದ ಕಲಿಯಬಾರದ್ದು

ನನಗೆ ಕ್ಲಫ್ ಕಥೆ ಇಷ್ಟ. ಅವರ ಕೈಕೆಳಗೆ ಕೆಲಸ ಮಾಡುವುದು ಮಾತ್ರ ಬೇಡಪ್ಪ.

ಭಿನ್ನಾಭಿಪ್ರಾಯ ಬಂದರೆ ಇಪ್ಪತ್ತು ನಿಮಿಷ ಮಾತಾಡಿ ಕೊನೆಗೆ ನಾನು ಹೇಳಿದ್ದೇ ಸರಿ ಅಂತ ತೀರ್ಮಾನಿಸುತ್ತೇವೆ ಅಂತ ಟಿವಿಯಲ್ಲಿ ತಮಾಷೆ ಮಾಡಿದವರು ಅವರು. ತಮಾಷೆ ಚೆನ್ನಾಗಿದೆ. ಆದರೆ 1981ರಲ್ಲಿ ಹತ್ತು ಲಕ್ಷ ಪೌಂಡ್‌ಗೆ ತಂದ ಜಸ್ಟಿನ್ ಫಶಾನು ಅವರನ್ನು, ಸಲಿಂಗಿಗಳ ಕ್ಲಬ್‌ಗಳಿಗೆ ಹೋಗುತ್ತಾರೆ ಅಂತ ತಿಳಿದ ಮೇಲೆ, ಕ್ಲಫ್ ಎಲ್ಲರ ಮುಂದೆ ಅವಮಾನಿಸಿದರು, ತಂಡದ ಅಭ್ಯಾಸಕ್ಕೆ ಬರಬೇಡ ಅಂದರು. ಆಗಿನ ಕಾಲ ಹಾಗಿತ್ತು ಅಂತ ಕೆಲವರು ಹೇಳುತ್ತಾರೆ, ನನಗೆ ಅದು ಒಪ್ಪಿಗೆಯಿಲ್ಲ. ಹೆದರಿಕೆಯಿಂದ ಕೆಲಸ ತೆಗೆಯುವುದು ರೂಢಿಯಾದರೆ, ಯಾರನ್ನು ಎಷ್ಟು ಹೆದರಿಸಬಹುದು ಅನ್ನುವ ಗೆರೆಯೂ ಅಳಿಸಿಹೋಗುತ್ತದೆ. 1989ರಲ್ಲಿ ಅಂಗಳಕ್ಕೆ ನುಗ್ಗಿದ ಅಭಿಮಾನಿಗಳಿಗೆ ಕೈಯಾರೆ ಹೊಡೆದು 5,000 ಪೌಂಡ್ ದಂಡ ಕಟ್ಟಿದ್ದೂ ಇದೇ ಮನುಷ್ಯ.

ಇನ್ನು ಟೇಲರ್ ಜೊತೆಗಿನ ಮುರಿತ. 1980ರಲ್ಲಿ ಟೇಲರ್ ಅವರಿಬ್ಬರ ಒಡನಾಟದ ಬಗ್ಗೆ ಕ್ಲಫ್‌ಗೆ ತಿಳಿಸದೆ ಒಂದು ಪುಸ್ತಕ ತಂದರು. 1982ರಲ್ಲಿ ನಿವೃತ್ತಿ ಅಂತ ಹೇಳಿ ಹೋದವರು ಅದೇ ವರ್ಷ ಡಾರ್ಬಿಯ ಮ್ಯಾನೇಜರ್ ಆದರು. 1983ರಲ್ಲಿ ರಾಬರ್ಟ್‌ಸನ್ ಅವರನ್ನೇ ಡಾರ್ಬಿಗೆ ಸೆಳೆದುಕೊಂಡರು, ಕ್ಲಫ್‌ಗೆ ಒಂದು ಮಾತೂ ಹೇಳದೆ. ಅಲ್ಲಿಗೆ ಮಾತು ಬಂದ್. 1990ರಲ್ಲಿ ಟೇಲರ್ ತೀರಿಕೊಂಡರು, ಅಲ್ಲಿಯವರೆಗೂ ಇಬ್ಬರೂ ಮಾತಾಡಲಿಲ್ಲ. ಒಬ್ಬರೇ ಆದ ಕ್ಲಫ್ 1989 ಮತ್ತು 1990ರಲ್ಲಿ ಲೀಗ್ ಕಪ್ ಗೆದ್ದರು, ಆದರೆ ಲೀಗ್ ಮತ್ತೆ ಗೆಲ್ಲಲಿಲ್ಲ. ಕುಡಿತ ಹೆಚ್ಚಿತು. 1993ರಲ್ಲಿ ಫಾರೆಸ್ಟ್ ಕೊನೆಯ ಸ್ಥಾನಕ್ಕೆ ಕುಸಿದು ಕೆಳಗಿನ ಡಿವಿಷನ್‌ಗೆ ಬಿತ್ತು, ಕ್ಲಫ್ 18 ವರ್ಷಗಳ ನಂತರ ಕೆಲಸ ಬಿಟ್ಟರು.

ಹಾಗಾಗಿ ನಿಮ್ಮ ಎರಡನೇ ಜೊತೆ ಕಣ್ಣು ಸಿಕ್ಕ ಮೇಲೆ, ತಂಡ ಇನ್ನೂ ಸೋಲುತ್ತಿರುವಾಗಲೇ, ಅವರ ಜೊತೆ ಒಂದು ಸಂಜೆ ಕೂತು ಕೆಲವು ವಿಷಯ ಬಿಚ್ಚಿ ಮಾತಾಡಿ. ಸಂಬಳ ಏರಿದರೆ ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಬೇಕಾ? ಗೆದ್ದಾಗ ಮೇಲಿನವರ ಮುಂದೆ ಯಾರ ಹೆಸರು ಹೇಳುತ್ತೀರಿ? ಇಬ್ಬರಲ್ಲಿ ಒಬ್ಬರು ಬೇರೆ ಕಡೆ ಹೋದರೆ ಇಲ್ಲಿಯ ಜನರನ್ನು ಕರೆದುಕೊಂಡು ಹೋಗಬಹುದಾ, ಹಾಗೆ ಕರೆಯುವ ಮೊದಲು ಒಂದು ಫೋನ್ ಮಾಡುವುದು ಕಡ್ಡಾಯ ತಾನೇ? ಗೆದ್ದ ಮೇಲೆ ಇವನ್ನು ಕೇಳಲು ಇಬ್ಬರಿಗೂ ಬಾಯಿ ಬರುವುದಿಲ್ಲ. ಸೋಲುತ್ತಿರುವಾಗ ಹಂಚಿಕೊಳ್ಳಲು ಏನೂ ಇರುವುದಿಲ್ಲ, ಅದಕ್ಕೇ ಆ ಮಾತು ಆಗ ಸುಲಭ.